ಹಿತ್ತಿಲ ಅತಿಥಿಗಳು

ಚಳಿ ಹಿಂದೆಗೆದು ಬಿಸಿಲೇರತೊಡಗಿದೊಡನೆ ನಿಗಡಿ ಪ್ರಾಧಿಕರಣದ ಹಿತ್ತಿಲುಗಳಿಗೆ ಬಣ್ಣದ ಅತಿಥಿಗಳು ಬರುತ್ತಾರೆ. ಗೋಡೆಯ ಮೇಲೆ ಮಣ್ಣಿನ ತಟ್ಟೆಯಲ್ಲಿ ನೀರು, ಇನ್ನೊಂದರಲ್ಲಿ ಹಿಡಿ ಜೋಳ, ಕೊಂಬೆಗೆ ಸಿಕ್ಕಿಸಿದ ಅರ್ಧ ಪಪಾಯಿ, ಇಷ್ಟಿದ್ದರೆ ಸಾಕು. ಗುಬ್ಬಿ ಜೋಳಕ್ಕೆ ಬರುತ್ತದೆ, ಪಿಕಳಾರ ಹಣ್ಣಿಗೆ. ಸೂರಕ್ಕಿಗೆ ಮಾತ್ರ ನಮ್ಮ ತಟ್ಟೆಯ ಹಂಗಿಲ್ಲ. ಅದಕ್ಕೆ ಸಕ್ಕರೆನೀರು ಇಡುವವರುಂಟು. ಒಂದು ದಾಸವಾಳದ ಗಿಡ ನೆಡುವುದು ಅದಕ್ಕಿಂತ ಮೇಲೆಂದು ನಮ್ಮ ಅಭಿಪ್ರಾಯ.

ಈಗ ಕಡುನೇರಳೆಯಾಗಿ ಮಿರುಗುವ ಗಂಡು ಸೂರಕ್ಕಿ ಮರಿ ಮಾಡುವ ಕಾಲ ಕಳೆದ ಮೇಲೆ ಹೆಣ್ಣಿನಂತೆಯೇ ಹಳದಿ ಬೆರೆತ ಕಂದಾಗಿ, ಎದೆಯ ನಡುವೆ ಒಂದು ಕಪ್ಪು ಗೀಟನ್ನಷ್ಟೇ ಉಳಿಸಿಕೊಳ್ಳುತ್ತದೆ. ಮದುವೆಯ ಜರಿಪೇಟವನ್ನು ಪೆಟ್ಟಿಗೆಗೆ ಸೇರಿಸಿ ಹಳೆಯ ಅಂಗಿ ತೊಟ್ಟ ಗಂಡಸರಂತೆ!

ನಮ್ಮ ಮಕ್ಕಳು ಈ ಹಕ್ಕಿಗಳನ್ನೆಲ್ಲ ಬಲ್ಲರು, ಮರಾಠಿಯಲ್ಲಿ. ಸೂರಕ್ಕಿ ಅವರಿಗೆ ಶಿಂಜೀರ, ಮಡಿವಾಳ ದಯಾಳ. ಅದರಲ್ಲಿ ತಪ್ಪೇನೂ ಇಲ್ಲ. ಅನ್ನ ಕೊಟ್ಟ ನಾಡಿನ ಮಾತು. ಆದರೆ ಊರಿನಿಂದ ಬಂದ ಅಜ್ಜಿ “ಅಗೋ, ಪಿಕಳಾರ!” ಎಂದರೆ ಮೊಮ್ಮಗು ನೋಡುವುದು ಅಜ್ಜಿಯ ಮುಖವನ್ನು, ಹಕ್ಕಿಯನ್ನಲ್ಲ.

ಕೆಲವು ಹಕ್ಕಿಗಳನ್ನು ಎರಡು ಭಾಷೆಗಳೂ ಒಂದೇ ಕಣ್ಣಿನಿಂದ ಕಂಡಿವೆ. ಎಲೆಯ ಅಂಚುಗಳನ್ನು ಜೇಡನ ನೂಲಿನಿಂದ, ಹತ್ತಿಯ ಎಳೆಯಿಂದ ಹೊಲಿದು ಗೂಡು ಕಟ್ಟುವ ಪುಟ್ಟ ಹಕ್ಕಿ ನಮಗೆ ಸಿಂಪಿಗ, ಅವರಿಗೆ ಶಿಂಪಿ. ಬೇಸಗೆಯ ಮಧ್ಯಾಹ್ನವೆಲ್ಲ ‘ಟುಕ್, ಟುಕ್’ ಎಂದು ಬಡಿಯುವುದು ನಮಗೆ ಕಂಚುಕುಟಿಗ, ಅವರಿಗೆ ತಾಂಬಟ. ಲೋಹ ಬೇರೆ, ಕಸುಬು ಒಂದೇ. ಹಸಿರು ಮೈ, ಕೆಂಪು ಹಣೆ, ಹಳದಿ ಗಂಟಲು. ಕೊಕ್ಕು ತೆರೆಯದೆಯೇ, ಗಂಟಲುಬ್ಬಿಸಿ ಈ ಸದ್ದು ಮಾಡುತ್ತದೆ! ಆಲ, ಅತ್ತಿಯ ಹಣ್ಣುಗಳಿದ್ದಲ್ಲಿ ಅದನ್ನು ಹುಡುಕಿರಿ.

ಬಹುಮಹಡಿಯಲ್ಲಿರುವವರು ನಮಗೆಲ್ಲಿಯ ಹಿತ್ತಿಲು ಎಂದು ಕೇಳಿಯಾರು. ಬಾಲ್ಕನಿಯಲ್ಲಿ ಅಗಲವಾದ, ಆಳವಿಲ್ಲದ ನೀರಿನ ಬಟ್ಟಲು ಸಾಕು, ದಿನವೂ ತೊಳೆದಿಡಬೇಕು. ಕಾಳು ಚೆಲ್ಲಿದರೆ ಪಾರಿವಾಳಗಳ ದಂಡೇ ಇಳಿದು, ಕೆಳಮನೆಯವರೊಡನೆ ಜಗಳ ತಪ್ಪದು. ಇನ್ನು ಅಕ್ಕರೆಯಿಂದ ಗಿಳಿಗೆ ಪಂಜರ ಕೊಳ್ಳಹೊರಟವರು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೆನೆಯುವುದೊಳಿತು.

ವಾಚಕರೇ, ನಿಮ್ಮ ಮನೆಯ ಹಿರಿಯರು ಈ ಹಕ್ಕಿಗಳನ್ನು ಏನೆಂದು ಕರೆಯುತ್ತಾರೆ? ಧಾರವಾಡದ ಕಡೆಯ ಹೆಸರೇ ಮಂಗಳೂರಿನ ಕಡೆ ಇರಬೇಕೆಂದಿಲ್ಲ. ಊರಿನ ಹೆಸರಿನೊಡನೆ ಬರೆದು ಕಳುಹಿಸಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುವೆವು. ಹೇಳುವ ಕೆಲಸ ಅಜ್ಜಿಯದು, ಕನ್ನಡದಲ್ಲಿ ಬರೆಯುವ ಕೆಲಸ ಮೊಮ್ಮಕ್ಕಳದು.