ಕಿವಿಯೊಳಗಿನ ಕಿಂಡಿಗಳು

ನಗರಗೆರೆಯ ಸುತ್ತಣ ಹಳ್ಳಿಗಳಲ್ಲಿ, ನಮ್ಮ ನಾಡಿನ ಇತರ ಅನೇಕ ಕಡೆಗಳಲ್ಲಿರುವಂತೆಯೇ, ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ವಾಡಿಕೆ. ಜಮೀನು ಕೈಬಿಡುವುದಿಲ್ಲ, ಗುಣ ಬಲ್ಲ ಹುಡುಗಿ ಮನೆ ತುಂಬುತ್ತಾಳೆ ಎಂಬ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಇಂಥ ಮನೆಯಲ್ಲಿ ಕಿವಿ ಕೇಳಿಸದ ಕೂಸು ಹುಟ್ಟಿದಾಗ ಗ್ರಹಣವನ್ನೋ ಬಸುರಿಯ ನಡತೆಯನ್ನೋ ದೂರುವುದು ಅನ್ಯಾಯ. ಕಾರಣವನ್ನು ಅನೇಕ ವೇಳೆ ಹುಡುಕಬೇಕಾದದ್ದು ಕಣ್ಣಿಗೆ ಕಾಣದ ಒಂದು ಕಿಂಡಿಯಲ್ಲಿ.

ನಮ್ಮ ದೇಹದ ಜೀವಕೋಶಗಳು ಸಾಲುಮನೆಗಳಂತೆ ಅಂಟಿಕೊಂಡಿವೆ, ನಡುಗೋಡೆಗಳಲ್ಲಿ ಕಿಂಡಿಗಳುಂಟು. ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಅಣುಗಳು ಉಂಗುರವಾಗಿ ನಿಂತು ಅರ್ಧ ಕೊಳವೆಯಾಗುತ್ತವೆ. ನೆರೆಯ ಕೋಶದ ಅರ್ಧ ಕೊಳವೆ ಎದುರಿನಿಂದ ಬಂದು ಕೂಡಿದಾಗ ದಾರಿ ಪೂರ್ಣವಾಗುತ್ತದೆ. ಅದರ ಒಳವ್ಯಾಸ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಒಂದೆರಡು ಪಾಲು ಮಾತ್ರ. ಪೊಟ್ಯಾಸಿಯಂ ಅಯಾನುಗಳೂ ಸಣ್ಣ ಅಣುಗಳೂ ಅಲ್ಲಿ ಹಾಯುತ್ತವೆ. ಪ್ರೋಟೀನಿನಂಥ ದೊಡ್ಡ ಅಣು ಹಾಯಲಾರದು. ಹೃದಯದ ಕೋಶಗಳು ಒಟ್ಟಾಗಿ ಮಿಡಿಯುವುದು ಇಂಥ ಕಿಂಡಿಗಳ ಮೂಲಕ ಹರಿಯುವ ವಿದ್ಯುತ್ತಿನಿಂದ. ಭೌತವಿಜ್ಞಾನವನ್ನು ಬೋಧಿಸುವ ನನಗೆ ಒಳಕಿವಿಯೇ ಹೆಚ್ಚಿನ ಸೋಜಿಗ: ಅಲ್ಲಿಯ ಶಂಖದೊಳಗಿನ ದ್ರವ ಸುಮಾರು 80 ಮಿಲಿವೋಲ್ಟಿನ ವಿಭವವನ್ನು ಹಗಲಿರುಳೂ ಕಾಪಾಡಿಕೊಂಡಿರುತ್ತದೆ. ಆ ಶಂಖ ಸರಿಯಾಗಿ ಬೆಳೆಯುವುದಕ್ಕೂ ವಿಭವ ಉಳಿಯುವುದಕ್ಕೂ ಕನೆಕ್ಸಿನ್ 26 ಎಂಬ ಬಗೆ ಬೇಕು.

ಈ ಪ್ರೋಟೀನಿನ ಜೀನಿಗೂ ಹುಟ್ಟುಗಿವುಡಿಗೂ ಇರುವ ಸಂಬಂಧ 1997ರಲ್ಲಿ ಬೆಳಕಿಗೆ ಬಂದಿತು. ಭಾರತದಲ್ಲಿ ಹೆಚ್ಚಾಗಿ ಕಾಣುವ ದೋಷದಲ್ಲಿ, 226 ಅಮೈನೋ ಆಮ್ಲಗಳ ಸರಪಳಿ 24ನೆಯ ಕೊಂಡಿ ಬರುವಷ್ಟರಲ್ಲಿಯೇ ಕಡಿದುಹೋಗುತ್ತದೆ. ದೋಷದ ಒಂದೇ ಪ್ರತಿಯುಳ್ಳವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಸೋದರಮಾವನಲ್ಲಿ ಅದು ಅಡಗಿದ್ದರೆ, ಅದೇ ಮನೆತನದ ರಕ್ತದಿಂದಾಗಿ ಅಕ್ಕನ ಮಗಳಲ್ಲಿಯೂ ಇರುವ ಸಂಭವ ನಾಲ್ಕರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಪ್ರತಿಯೊಂದು ಮಗುವಿಗೂ ಕಿವುಡಿನ ಸಂಭವ ಮತ್ತೆ ನಾಲ್ಕರಲ್ಲಿ ಒಂದು. ತಂದೆತಾಯಿಗಳ ಪಾಲು ಸಮಸಮ. ತಾಯಿಯೊಬ್ಬಳನ್ನೇ ಹಳಿಯಲು ಇಲ್ಲಿ ಎಡೆಯೇ ಇಲ್ಲ.

ಮನೆತನದಲ್ಲಿ ಈಗಾಗಲೇ ಹುಟ್ಟುಗಿವುಡರಿದ್ದರೆ, ಜೀನುಪರೀಕ್ಷೆ ಮಾಡಿಸದೆ ಒಳಸಂಬಂಧ ಬೆಳೆಸಬಾರದೆಂದು ನನ್ನ ಅಭಿಪ್ರಾಯ. ಇದಕ್ಕಿಂತಲೂ ಅವಸರದ ಕಾರ್ಯ ಮತ್ತೊಂದಿದೆ. "ಅವರಪ್ಪನಿಗೂ ಮಾತು ತಡವಾಗಿಯೇ ಬಂತು" ಎಂದು ಮೂರು ವರ್ಷ ಕಾದು ಕೂರುವ ಮನೆಗಳುಂಟು. ನಿದ್ರಿಸುತ್ತಿರುವ ಹಸುಗೂಸಿನ ಕಿವಿಯನ್ನು ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಪರೀಕ್ಷಿಸಬಹುದು. ಮೈಸೂರಿನಲ್ಲಿ 1966ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ನಿಜ. ಆದರೆ ಬಾಣಂತಿ ನಗರಗೆರೆಯಿಂದ ಅಷ್ಟು ದೂರ ಹೋಗಲಿ ಎನ್ನುವುದು ಸಲಹೆಯಾಗಲಾರದು. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ, ಮಗುವನ್ನು ಮನೆಗೆ ಕಳುಹಿಸುವ ಮುನ್ನ, ಈ ಪರೀಕ್ಷೆ ನಡೆಯಬೇಕು. ಈ ಬಗೆಯ ಕಿವುಡಿನಲ್ಲಿ ಶ್ರವಣನರ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಆದುದರಿಂದ ಶಂಖದಲ್ಲಿ ಅಳವಡಿಸುವ ವಿದ್ಯುತ್ಸಾಧನ ಒಳ್ಳೆಯ ಫಲವನ್ನೇ ಕೊಡುತ್ತದೆ, ಮಿದುಳು ಮಾತು ಕಲಿಯುವ ಮೊದಲ ಕೆಲವು ವರ್ಷಗಳು ಜಾರಿಹೋಗುವ ಮುನ್ನ ಅಳವಡಿಸಿದರೆ.