ಹಳೆಯ ಮೋಟಾರಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಮ್ಮ ಜನರು ಸಾಮಾನ್ಯವಾಗಿ ದೇವಾಲಯಗಳ ವಿಷಯದಲ್ಲಿಯೇ ಬಳಸುವರು. ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದೆಂದು ಅದರ ಅರ್ಥವೇ ಹೊರತು ಸುಣ್ಣ ಬಳಿಯುವುದೆಂದಲ್ಲ. ಗರ್ಭಗುಡಿಯ ಮಾಳಿಗೆ ಸೋರುತ್ತಿರುವಾಗ ಗೋಪುರಕ್ಕೆ ಬಣ್ಣ ಹೊಡೆಯಿಸುವ ಧರ್ಮದರ್ಶಿಗಳನ್ನು ವಾಚಕರೂ ಕಂಡಿರಬಹುದು. ಹಳೆಯ ಮೋಟಾರು ಗಾಡಿಗಳನ್ನು ಮಾರುವವರಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಕೊಳ್ಳುವವರಲ್ಲಿಯೂ, ಈ ಧರ್ಮದರ್ಶಿಗಳ ಸಂತತಿ ಹೇರಳವಾಗಿರುವುದೆಂದು ಈ ತಿಂಗಳು ನಮಗೆ ಬಂದ ಒಂದು ಕಾಗದದಿಂದ ತಿಳಿದುಬಂದಿತು.

ಕಾಗದ ಬರೆದವರು ತಿಪಟೂರಿನ ಕಡೆಯ ಹಳ್ಳಿಯೊಂದರ ಸೋದರಿಯವರು. ಅವರ ಅತ್ತೆಯವರಿಗೆ ಮೂತ್ರಪಿಂಡದ ಬೇನೆ. ವಾರಕ್ಕೆ ಎರಡು ಸಾರಿ ಡಯಾಲಿಸಿಸ್ ಆಗಬೇಕು. ಹೋಗುವಾಗ ಬಸ್ಸಾದರೂ ಆದೀತು. ಹಿಂದಿರುಗುವಾಗ ಆ ವೃದ್ಧೆಗೆ ನಿಲ್ಲುವಷ್ಟು ತ್ರಾಣವಿರುವುದಿಲ್ಲ. ಬಾಡಿಗೆಯ ಗಾಡಿಗೆ ತಿಂಗಳಿಗೆ ಎಂಟು ಸಾವಿರ ರೂಪಾಯಿ ಹೋಗುತ್ತಿದೆಯಂತೆ. ಚೀಟಿ ಎತ್ತಿದ ಹಣವೂ ಕೂಡಿಟ್ಟುದೂ ಸೇರಿ ಕೈಯಲ್ಲಿರುವುದು 95,000 ರೂಪಾಯಿ. ನೋಡಿಟ್ಟ ಗಾಡಿಗಳು ಎರಡು. ಎರಡೂ ಮಾರುತಿ 800. ಒಂದು 2009ನೆಯ ಇಸವಿಯ ಕೆಂಪು ಗಾಡಿ. ಹೊಸ ಬಣ್ಣ, ಸೀಟುಗಳಿಗೆ ಹೊಸ ಹೊದಿಕೆ, ಹಾಡುವ ಪೆಟ್ಟಿಗೆ, ಬೆಲೆ 88,000. ಇನ್ನೊಂದು 2012ರ ಬಿಳಿಯ ಗಾಡಿ. ಬಣ್ಣ ಮಾಸಿದೆ, ಬಾಗಿಲಿನಲ್ಲಿ ಒಂದು ತಗ್ಗು, ಬೆಲೆ 58,000. ಮನೆಯ ಯಜಮಾನರ ಮನಸ್ಸು ಕೆಂಪಿನ ಮೇಲಿದೆ. “ಮೇಷ್ಟ್ರೇ, ಬಿಳಿಯದನ್ನು ಕೊಂಡರೆ ಉಳಿದ ದುಡ್ಡೆಲ್ಲ ರಿಪೇರಿಗೆ ಹೋಗುತ್ತದೆ, ಅದಕ್ಕಿಂತ ಸಿದ್ಧವಾಗಿರುವ ಕೆಂಪೇ ಮೇಲು ಎನ್ನುತ್ತಾರೆ, ನಾನೇನು ಹೇಳಲಿ?” ಎಂದು ಸೋದರಿಯವರು ಕೇಳಿದ್ದಾರೆ.

ಉಳಿದ ಹಣವು ರಿಪೇರಿಗೆ ಹೋಗುವುದು ದಿಟ. ಆದರೆ ಕೆಂಪು ಗಾಡಿಗೂ ಅಷ್ಟೇ ಹೋಗುವುದು. ಆಗ ಕೈಯಲ್ಲಿ ಏಳು ಸಾವಿರವಲ್ಲದೆ ಬೇರೆ ಹಣವಿರುವುದಿಲ್ಲ, ಭೇದವಿಷ್ಟೇ. ಹತ್ತು ಹದಿನೈದು ವರ್ಷ ಓಡಿದ ಗಾಡಿಯ ಬೆಲೆಯೆಂಬುದು ಮೊದಲನೆಯ ಕಂತು ಮಾತ್ರ. ಕೈಯಲ್ಲಿರುವುದನ್ನು ಮೂರು ಪಾಲು ಮಾಡಿ, ಎರಡು ಪಾಲನ್ನು ಮೀರದಂತೆ ಗಾಡಿಯನ್ನು ಕೊಂಡು, ಮೂರನೆಯ ಪಾಲನ್ನು ಮೇಸ್ತ್ರಿಗಾಗಿ ತೆಗೆದಿಡತಕ್ಕದ್ದು. ಇದನ್ನು ಮಾಡಲಾರದವನು ಬಾಡಿಗೆಯ ಗಾಡಿಯಲ್ಲಿಯೇ ಇನ್ನು ಕೆಲವು ತಿಂಗಳು ಹೋಗಿಬರುವುದು ಲೇಸು.

ಇಬ್ಬರೂ ಮಾರುತಿ 800ನ್ನೇ ಆರಿಸಿಕೊಂಡುದು ನಮಗೆ ಸಮ್ಮತವೇ. 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಈ ಗಾಡಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮೂವತ್ತು ವರ್ಷಗಳ ಕಾಲ ದೇಶದ ಮೂಲೆ ಮೂಲೆಗೂ ಹೋದುದರಿಂದ ಇದರ ಗುಟ್ಟನ್ನರಿಯದ ಮೇಸ್ತ್ರಿ ಸಿಕ್ಕುವುದೇ ಅಪರೂಪ. ಮೂರು ಸಿಲಿಂಡರುಗಳ 796 ಘನ ಸೆಂಟಿಮೀಟರಿನ ಇದರ ಎಂಜಿನು ತೊಡಕಿಲ್ಲದುದು. ಬಿಡಿಭಾಗಗಳು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೇ ದೊರಕುವುವು. ದೊಡ್ಡ ಹೆಸರಿನ ವಿದೇಶೀ ಗಾಡಿಗಳೂ ಹಳೆಯದಾದಾಗ ಇದೇ ಬೆಲೆಗೆ ಇಳಿಯುವುದುಂಟು. ಅವುಗಳ ಒಂದು ದೀಪ ಒಡೆದರೆ ಗೃಹಸ್ಥನು ಮತ್ತೊಂದು ಚೀಟಿ ಎತ್ತಬೇಕಾದೀತು.

ಇನ್ನು ಪರೀಕ್ಷೆ. ನಾವು ಮೂವತ್ತೈದು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವರು. ಮುತ್ತಿನಂತಹ ಅಕ್ಷರಗಳ ಪತ್ರಿಕೆಗೆ ಕಣ್ಣು ಸೋಲುವ ಮೊದಲು ಉತ್ತರವನ್ನು ಓದಬೇಕೆಂಬುದು ಅಲ್ಲಿ ಕಲಿತ ಪಾಠ. ಗಾಡಿಯನ್ನು ಹಗಲಿನಲ್ಲಿ, ಒಣಗಿದ ಮೈಯಲ್ಲಿ ನೋಡಬೇಕು; ಆಗತಾನೆ ತೊಳೆದ ಗಾಡಿಯಲ್ಲಿ ಎಲ್ಲ ಬಣ್ಣವೂ ಚೆನ್ನ. ನಾವು ಬರುವವರೆಗೆ ಎಂಜಿನನ್ನು ಚಾಲೂ ಮಾಡಕೂಡದೆಂದು ಮೊದಲೇ ಹೇಳಿಟ್ಟು, ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ಬಿಸಿಯಾಗಿದ್ದರೆ ಬೆಳಗಿನ ಚಳಿಯಲ್ಲಿ ಹೊರಡಲೊಲ್ಲದ ಎಂಜಿನನ್ನು ನಮಗಾಗಿ ಎಬ್ಬಿಸಿಟ್ಟಿದ್ದಾರೆಂದು ಸಂದೇಹಪಡಲು ಅವಕಾಶವುಂಟು.

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲನೆಯ ಪಾಠ. ನೈಯಾಯಿಕರು ಹೊಗೆಯ ಬಣ್ಣವನ್ನು ವಿಚಾರಿಸಲಿಲ್ಲ; ಮೋಟಾರಿನ ವಿಷಯದಲ್ಲಿ ಅದನ್ನೇ ಮುಖ್ಯವಾಗಿ ವಿಚಾರಿಸಬೇಕು. ಹೊಗೆ ನೀಲಿಯಾಗಿದ್ದರೆ ಎಂಜಿನು ತನ್ನ ಎಣ್ಣೆಯನ್ನು ತಾನೇ ಉರಿಸುತ್ತಿದೆ. ಒಳಗಿನ ರಿಂಗುಗಳೋ ವಾಲ್ವುಗಳ ಸೀಲುಗಳೋ ಸವೆದಿವೆ. ಕಪ್ಪಾದರೆ ಪೆಟ್ರೋಲು ಮಿತಿಮೀರಿ ಸುರಿಯುತ್ತಿದೆ. ಇದಕ್ಕೆ ಅಗ್ಗದ ಪರಿಹಾರವಿರಬಹುದು. ಎಂಜಿನು ಚೆನ್ನಾಗಿ ಕಾದ ಮೇಲೆಯೂ ಬಿಳಿಯ ಹೊಗೆ ನಿಲ್ಲದೆ, ಅದರಲ್ಲಿ ಸಿಹಿಯ ವಾಸನೆಯಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿನೊಳಕ್ಕೆ ಇಳಿಯುತ್ತಿದೆ. ಎಣ್ಣೆ ಹೊಯ್ಯುವ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂತಹ ಲೇಪವೂ ಕಂಡುಬಂದರೆ, ಎಂಜಿನು ಎಂದೋ ಕುದಿದು ಅದರ ಹೆಡ್ಡು ಬಾಗಿರುವ ಸಂಭವವುಂಟು. ಅಂತಹ ಗಾಡಿಗೆ ಕೈಮುಗಿದು ಬರುವುದೇ ಸರಿ. ಚಳಿಗಾಲದ ಬೆಳಿಗ್ಗೆ ಹೊರಟಾಗ ಸ್ವಲ್ಪ ಹೊತ್ತು ಬಿಳಿಯ ಆವಿ ಬಂದರೆ ಮಾತ್ರ ಹೆದರಬೇಕಾದುದಿಲ್ಲ.

ಮಕ್ಕಳ ಆಟದ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಿರಿ. ಬಾಗಿಲುಗಳ ಕೆಳ ಅಂಚು, ಚಕ್ರಗಳ ಮೇಲಿನ ಕಮಾನು, ಇವುಗಳ ತಗಡಿನ ಮೇಲೆ ಅದನ್ನು ಹಿಡಿದು ನೋಡಿದರೆ, ತಗಡಿದ್ದಲ್ಲಿ ಅಂಟುವುದು. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಲ್ಲಿ ಜಾರುವುದು. ಕಾಲುಹಾಸನ್ನು ಎತ್ತಿ ನೆಲದ ತಗಡನ್ನೂ, ಹೆಚ್ಚಿನ ಚಕ್ರವಿಡುವ ಗುಂಡಿಯನ್ನೂ ನೋಡಬೇಕು. ಕಡಲ ತೀರದಲ್ಲಿ ಬಾಳಿದ ಗಾಡಿಗೆ ಉಪ್ಪುಗಾಳಿಯಿಂದ ತುಕ್ಕು ಬೇಗ. ಮಂಗಳೂರು ಉಡುಪಿಗಳ ಗಾಡಿಯನ್ನು ಬಯಲುಸೀಮೆಯವರು ಕೊಳ್ಳುವಾಗ ಅಡಿಭಾಗವನ್ನು ಮಲಗಿಯಾದರೂ ನೋಡತಕ್ಕದ್ದು. ನೆರೆಯಲ್ಲಿ ಮುಳುಗಿದ ಗಾಡಿಗಳ ಪ್ರಸಂಗ ಬೇರೆ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ಜಲಮಯವಾದಾಗ ಸಾವಿರಾರು ಮೋಟಾರುಗಳು ಮುಳುಗಿದುವು. ಇಂತಹ ಗಾಡಿಯನ್ನು ಎಷ್ಟೇ ತೊಳೆದು ಒಣಗಿಸಿದರೂ ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದಾಗ ಅದರ ತುದಿಯಲ್ಲಿ ಕೆಸರಿನ ಗೆರೆ ಸಿಕ್ಕಬಹುದು. ಸೀಟುಗಳ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿರುವುವು. ಮುಗ್ಗಿದ ವಾಸನೆಯನ್ನು ಕಂಡುಹಿಡಿಯುವುದರಲ್ಲಿ ಮಾತ್ರ ಅಡಿಗೆಮನೆಯಲ್ಲಿ ಪಳಗಿದ ಮೂಗಿಗೆ ಸಮನಾದುದಿಲ್ಲ. ಸೋದರಿಯವರು ತಾವೇ ಹೋಗಿ ಬಾಗಿಲು ಮುಚ್ಚಿಕೊಂಡು ಐದು ನಿಮಿಷ ಒಳಗೆ ಕುಳಿತಿರಲಿ.

ಬ್ರೇಕಿನ ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಾಗೆಯೇ ಹಿಡಿದಿರುವಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯುಂಟು. ದಿಬ್ಬವೊಂದನ್ನು ಏರುವಾಗ ಎಂಜಿನು ಮೊರೆದರೂ ಗಾಡಿ ಮುಂದುವರಿಯದಿದ್ದರೆ ಕ್ಲಚ್ಚು ಸವೆದಿದೆ. ಓಡಿದ ಮೈಲಿಗಳ ಅಂಕಿಯನ್ನು ನಂಬಬೇಡಿರಿ. ನಲವತ್ತು ಸಾವಿರ ಕಿಲೋಮೀಟರು ತೋರಿಸುವ ಗಾಡಿಯ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ ಅಂಕಿಗಿಂತ ರಬ್ಬರೇ ಸತ್ಯವಂತ. ಟೈರುಗಳಿಗೆ ಜಾತಕವನ್ನು ಅವುಗಳ ಪಕ್ಕೆಯಲ್ಲಿಯೇ ಒತ್ತಿರುವರು. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರದ್ದು. ಪಟ್ಟೆಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಅಂತಹ ಮುದಿ ರಬ್ಬರು ಬಿಸಿಲಿನಲ್ಲಿ ಸಿಡಿಯುವುದು.

ಇಷ್ಟೆಲ್ಲವನ್ನೂ ನಾವು ನೋಡಿದ ಮೇಲೆಯೂ ಮೇಸ್ತ್ರಿಯೊಬ್ಬರು ನೋಡಲೇಬೇಕು. ಅವರು ಮಾರುವವರ ಪರಿಚಯದವರಾಗಿರಕೂಡದು. ಅವರ ಅರ್ಧ ದಿನದ ಕೂಲಿಯನ್ನು, ಗಾಡಿ ಕೊಂಡರೂ ಬಿಟ್ಟರೂ, ಕೊಟ್ಟುಬಿಡಬೇಕು. ಐನೂರು ರೂಪಾಯಿಗೆ ಹಿಂಜರಿದು ಐವತ್ತು ಸಾವಿರ ಕಳೆದುಕೊಂಡವರು ಬಹಳ ಮಂದಿ.

ಕೆಂಪು ಗಾಡಿಯ ವಿಷಯದಲ್ಲಿ ಕಾಗದ ಓದಿದೊಡನೆ ನಮ್ಮ ಮನಸ್ಸಿಗೆ ಹೊಳೆದುದು ಬಣ್ಣವಲ್ಲ, ಇಸವಿ. ಸ್ವಂತ ಬಳಕೆಯ ಮೋಟಾರಿನ ನೋಂದಣಿ ಹದಿನೈದು ವರ್ಷಗಳಿಗೆ ಮಾತ್ರ. 2009ರ ಗಾಡಿಗೆ ಆ ಅವಧಿ 2024ರಲ್ಲಿ ತುಂಬಿತು. ಬಳಿಕ ಗಾಡಿಯನ್ನು ಸಾರಿಗೆ ಕಚೇರಿಯವರಿಗೆ ತೋರಿಸಿ ಐದು ವರ್ಷಗಳಿಗೆ ನವೀಕರಿಸಿಕೊಂಡಿರಬೇಕು. ಇದರ ಶುಲ್ಕವನ್ನು 2022ರ ಏಪ್ರಿಲಿನಿಂದ ಕಾರುಗಳಿಗೆ 600ರಿಂದ 5,000 ರೂಪಾಯಿಗೆ ಏರಿಸಿದರು; ಇದರ ಮೇಲೆ ಹಸಿರು ತೆರಿಗೆ ಬೇರೆ. ನವೀಕರಿಸದೆ ಬಣ್ಣ ಹೊಡೆಯಿಸಿ ಮಾರುತ್ತಿದ್ದಾರೆಯೋ ಎಂಬುದನ್ನು ನೋಂದಣಿ ಪತ್ರವನ್ನು ಕೈಯಲ್ಲಿ ಹಿಡಿದು ಓದಿದ ಹೊರತು ತಿಳಿಯದು. ಬಿಳಿಯ ಗಾಡಿಗಾದರೆ 2027ರವರೆಗೆ ಈ ಚಿಂತೆಯಿಲ್ಲ. ಪತ್ರದಲ್ಲಿರುವ ಚಾಸಿಸ್ ಸಂಖ್ಯೆಯೂ ಗಾಡಿಯ ಮೈಮೇಲಿನದೂ ಅಕ್ಷರಶಃ ಒಂದೇ ಆಗಿರಬೇಕು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆಯೋ, ದಂಡಗಳು ಬಾಕಿಯಿವೆಯೋ ಎಂಬುದು ಸರಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ಸಂಖ್ಯೆಯಿಂದ ತಿಳಿಯುವುದು; ಮನೆಯ ಹುಡುಗರು ತಮ್ಮ ಫೋನಿನಲ್ಲಿಯೇ ನೋಡಿಕೊಟ್ಟಾರು.

ಹಣ ಕೊಟ್ಟ ದಿನವೇ 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರೂ ಸಹಿ ಹಾಕಿ ಹೆಸರಿನ ವರ್ಗಾವಣೆಗೆ ಕೊಡತಕ್ಕದ್ದು. ಮಾರುವವನು ಹದಿನಾಲ್ಕು ದಿನಗಳೊಳಗೆ, ಕೊಳ್ಳುವವನು ಮೂವತ್ತು ದಿನಗಳೊಳಗೆ ತಿಳಿಸಬೇಕೆಂದು ಕಾಯಿದೆ. ಅಪಘಾತವಾದಾಗ ನೋಂದಣಿಯಲ್ಲಿ ಹೆಸರಿದ್ದವನೇ ಮಾಲಿಕನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ಕೊಟ್ಟಿರುವುದರಿಂದ, ಇದು ಮಾರುವವನಿಗೂ ಪ್ರಾಣಸಂಕಟದ ವಿಷಯ. ವಿಮೆಯನ್ನೂ ಹದಿನಾಲ್ಕು ದಿನಗಳೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲಿಕರು ಗಳಿಸಿದ್ದ ರಿಯಾಯಿತಿ ಗಾಡಿಯೊಡನೆ ಬರುವುದಿಲ್ಲ.

ಈಗ ಉಳಿದ ಮೂವತ್ತೇಳು ಸಾವಿರದ ಮಾತು. ನಮ್ಮೂರಿನ ಹಿರಿಯ ಮೇಸ್ತ್ರಿಯವರೊಬ್ಬರನ್ನು ಕೇಳಿ ಬರೆದುಕೊಂಡ ಅಂದಾಜು ಇದು, ಊರಿನಿಂದೂರಿಗೆ ಹೆಚ್ಚುಕಡಿಮೆಯಾದೀತು. ಮೊದಲು ಗಾಡಿಯನ್ನು ನಿಲ್ಲಿಸುವ ಭಾಗಗಳು: ಬ್ರೇಕಿನ ಪ್ಯಾಡುಗಳು, ಹಿಂದಿನ ಶೂಗಳು, ರಬ್ಬರಿನ ನಳಿಗೆಗಳು, ಹೊಸ ಬ್ರೇಕ್ ಎಣ್ಣೆ, ಎಲ್ಲ ಸೇರಿ 5,000. ನಾಲ್ಕು ಟೈರುಗಳಿಗೆ 12,000. ಆಮೇಲೆ ಎಂಜಿನನ್ನು ತಂಪಾಗಿಡುವುವು: ರೇಡಿಯೇಟರನ್ನು ಶುದ್ಧಿಮಾಡಿಸಿ, ನೀರಿನ ನಳಿಗೆಗಳನ್ನೂ ಥರ್ಮೋಸ್ಟಾಟನ್ನೂ ಬದಲಿಸಿ, ಬರಿಯ ನೀರಿನ ಬದಲು ಕೂಲಂಟ್ ತುಂಬಿಸಲು 3,000. ಎಂಜಿನಿನೊಳಗಿನ ಟೈಮಿಂಗ್ ಬೆಲ್ಟಿನ ವಯಸ್ಸು ಯಾರಿಗೂ ಗೊತ್ತಿಲ್ಲದಿದ್ದರೆ ಅದನ್ನು ಬದಲಿಸಿಯೇ ತೀರಬೇಕು. ಅದು ತುಂಡಾದರೆ ಗಾಡಿ ನಿಂತ ನೆಲದಲ್ಲಿಯೇ ನಿಲ್ಲುವುದು. ಅದಕ್ಕೂ ಎಣ್ಣೆ ಸೋಸುಕಗಳಿಗೂ ಸೇರಿ 5,000. ಬ್ಯಾಟರಿ 4,000. ಪೆಟ್ರೋಲಿನ ರಬ್ಬರು ನಳಿಗೆಗಳನ್ನು ಮರೆಯಬಾರದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲು ಬೆರೆಸುವುದರಿಂದ, ಅದಕ್ಕಾಗಿ ಮಾಡದ ಹಳೆಯ ರಬ್ಬರು ಬಿರಿಯುವುದುಂಟು. ಎಂಜಿನಿನ ಬಿಸಿಯ ಮೇಲೆ ಪೆಟ್ರೋಲು ತೊಟ್ಟಿಕ್ಕುವುದೆಂದರೆ ಅರ್ಥವೇನೆಂದು ವಾಚಕರು ಬಲ್ಲರು. ಇದಕ್ಕೆ ಹಿಡಿಯುವುದು 1,000 ಮಾತ್ರ. ಇಲ್ಲಿಗೆ 30,000 ಆಯಿತು. ಮಿಕ್ಕ ಏಳು ಸಾವಿರವು ವಿಮೆಗೂ, ವರ್ಗಾವಣೆಯ ಶುಲ್ಕಕ್ಕೂ, ಹೊಗೆಯ ಪ್ರಮಾಣಪತ್ರಕ್ಕೂ, ಮೊದಲ ತಿಂಗಳಲ್ಲಿ ತಲೆದೋರುವ ಯಾವುದಾದರೊಂದು ತೊಂದರೆಗೂ. ಆ ತೊಂದರೆ ಬಾರದಿರುವುದಿಲ್ಲ.

ಗುಜರಿಯಲ್ಲಿ ಕೊಂಡರೆ ಅಗ್ಗವಲ್ಲವೇ ಎಂದು ಕೇಳುವವರುಂಟು. ಬೆಂಗಳೂರಿನ ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಾಗಿಲಿನ ಹಿಡಿ, ಗಾಜು, ಕನ್ನಡಿ, ದೀಪದ ಬುರುಡೆ, ಬೇಕಾದರೆ ಇಡಿಯ ಬಾಗಿಲನ್ನೇ ಧಾರಾಳವಾಗಿ ಕೊಳ್ಳಬಹುದು. ಬ್ರೇಕು, ಸ್ಟೀಯರಿಂಗು, ಬೆಲ್ಟು, ರಬ್ಬರು, ಇವುಗಳನ್ನು ಮಾತ್ರ ಹೊಸದಾಗಿಯೇ, ಹೆಸರಾಂತ ತಯಾರಿಕೆಯದನ್ನೇ, ರಸೀದಿಯೊಡನೆ ಕೊಳ್ಳತಕ್ಕದ್ದು. ಬಿಚ್ಚಿದ ಹಳೆಯ ಭಾಗಗಳನ್ನು ಮೇಸ್ತ್ರಿಯವರಿಂದ ಕೇಳಿ ಮನೆಗೆ ತರಬೇಕು. ಒಳ್ಳೆಯ ಮೇಸ್ತ್ರಿ ಇದನ್ನು ಅವಿಶ್ವಾಸವೆಂದು ತಿಳಿಯುವುದಿಲ್ಲ. ತಾನೇ ಕಾಗದದಲ್ಲಿ ಸುತ್ತಿ ಕೊಡುವನು.

ಬಿಳಿಯ ಗಾಡಿಯ ಬಾಗಿಲಿನ ತಗ್ಗು ಹಾಗೆಯೇ ಇರಲಿ. ಮೇಸ್ತ್ರಿಯವರ ಪರೀಕ್ಷೆಯಲ್ಲಿ ಅದು ತೇರ್ಗಡೆಯಾದರೆ, ಕೊಂಡ ಮೇಲೆ ವೃದ್ಧೆಯನ್ನು ಕೂಡಿಸಿಕೊಳ್ಳುವ ಮೊದಲು ಯಜಮಾನರು ಒಬ್ಬರೇ ಆಸ್ಪತ್ರೆಯವರೆಗೆ ಎರಡು ಮೂರು ದಿನ ಹೋಗಿಬರಲಿ. ಹೊರಡುವ ಮುಂಚೆ, ಎಂಜಿನು ತಣ್ಣಗಿರುವಾಗ, ಎಣ್ಣೆಯನ್ನೂ ಕೂಲಂಟನ್ನೂ ನೋಡಿಕೊಳ್ಳಲಿ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಜಾಕೂ ಪಾನಾವೂ ಗಾಡಿಯಲ್ಲಿವೆಯೇ, ಸ್ಟೆಪ್ನಿಯಲ್ಲಿ ಗಾಳಿಯಿದೆಯೇ ಎಂಬುದನ್ನು ಮನೆಯಂಗಳದಲ್ಲಿಯೇ ನೋಡಿ, ಒಂದು ಸಾರಿ ಚಕ್ರವನ್ನು ಬಿಚ್ಚಿ ಹಾಕಿ ಅಭ್ಯಾಸಮಾಡಿಕೊಳ್ಳಲಿ. ಸೋದರಿಯವರೂ ಅದನ್ನು ಕಲಿತುಕೊಳ್ಳುವುದಕ್ಕೆ ಅಡ್ಡಿಯೇನೂ ಇಲ್ಲ.