ಕಣ್ಣಳತೆಯೋ, ಪಟ್ಟಿಯೋ?

ಚನ್ನಗಿರಿಯ ಸೋದರಿಯೊಬ್ಬರಿಂದ ಈ ಸಲ ಬಂದಿರುವ ಪತ್ರ ಉಪ್ಪಿನಕಾಯಿಗೂ ಸಂಬಂಧಿಸಿದ್ದಲ್ಲ, ಅತ್ತೆ-ಸೊಸೆಗೂ ಸಂಬಂಧಿಸಿದ್ದಲ್ಲ. ಅವರ ಅಕ್ಕನ ಮಗ ಬೆಂಗಳೂರಿನಲ್ಲಿ ಸಿನಿಮಾ ಕೆಲಸ ಕಲಿಯುತ್ತಿದ್ದಾನೆ. ಸೂಳೆಕೆರೆಯ ಕಥೆಯನ್ನು ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡುತ್ತೇನೆ, ಚಿತ್ರಕಥೆ ನೀವೇ ಬರೆದುಕೊಡಿ ಚಿಕ್ಕಮ್ಮ ಎಂದನಂತೆ. ಇವರು ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಸಿಕ್ಕಷ್ಟು ಹೊತ್ತಿನಲ್ಲಿ ಒಂದು ನೋಟ್‌ಬುಕ್ ತುಂಬಿಸಿದರು. ಹುಡುಗ ಓದಿ, "ಇದಕ್ಕೆ ತಲೆಬುಡ ಇಲ್ಲ ಚಿಕ್ಕಮ್ಮ, ಮೊದಲು ಸೀನ್ ಆರ್ಡರ್ ಮಾಡಿ, ಆಮೇಲೆ ಬರೀರಿ" ಅಂದ. ಆರ್ಡರ್ ಮಾಡಲು ಕೂತರೆ ಒಂದು ಸಾಲೂ ಹೊಳೆಯುತ್ತಿಲ್ಲವಂತೆ. "ತೋಚಿದ ಹಾಗೆ ಬರೆಯುವವರಿಗೆ ಇದು ಸಾಧ್ಯವಿಲ್ಲವೇ? ನೋಟ್‌ಬುಕ್ ಎತ್ತಿ ಅಟ್ಟಕ್ಕೆ ಹಾಕಿಬಿಡಲೇ?" ಎಂದು ಕೇಳಿದ್ದಾರೆ.

ಬೇಡ ತಂಗಿ, ಹಾಕಬೇಡಿ. ನೀವು ಹೇಳುವುದೂ ಸರಿ, ಹುಡುಗ ಹೇಳುವುದೂ ಸರಿ. ಹೊತ್ತು ಮಾತ್ರ ಬೇರೆ ಬೇರೆ.

ಮನೆಯಲ್ಲಿ ನಾಲ್ಕು ಜನಕ್ಕೆ ಸಾರು ಮಾಡುವಾಗ ನಾವು ಯಾರಾದರೂ ತಕ್ಕಡಿ ಹಿಡಿಯುತ್ತೇವೆಯೇ? ಕಣ್ಣಳತೆ, ಕೈಯಳತೆ. ಉಪ್ಪು ಎಷ್ಟು ಅಂದರೆ 'ಬೇಕಾದಷ್ಟು'. ಆದರೆ ಮನೆಯಲ್ಲಿ ಮದುವೆ ಬಂತೆನ್ನಿ. ಅಡುಗೆ ಭಟ್ಟರು ಬಂದು ಕೂತು ಪಟ್ಟಿ ಬರೆಸುತ್ತಾರೆ. ಅಕ್ಕಿ ಇಷ್ಟು, ಬೇಳೆ ಇಷ್ಟು, ಬಾಳೆಲೆ ಇಷ್ಟು. ಯಾಕೆಂದರೆ ಅಲ್ಲಿ ಹತ್ತು ಕೈ ಕೆಲಸ ಮಾಡುತ್ತವೆ. ಒಬ್ಬಳ ಮನಸ್ಸಿನಲ್ಲಿ ಇರುವುದು ಇನ್ನೊಬ್ಬರಿಗೆ ತಿಳಿಯಬೇಕಲ್ಲ!

ಕಥೆ, ಕಾದಂಬರಿ ಬರೆಯುವುದು ಮನೆಯ ಸಾರಿನ ಹಾಗೆ. ಚಿತ್ರಕಥೆ ಮದುವೆ ಮನೆಯ ಪಟ್ಟಿ. ಕ್ಯಾಮೆರಾದವರು, ಬಟ್ಟೆ ಹೊಂದಿಸುವವರು, ನಟಿಸುವವರು ಎಲ್ಲರೂ ಅದನ್ನು ನೋಡಿಕೊಂಡೇ ನಡೆಯಬೇಕು. ಹುಡುಗ ಪಟ್ಟಿ ಕೇಳಿದ್ದು ಇದಕ್ಕೆ. ಆದರೆ ಒಂದು ಮಾತು. ಸಾರಿನ ರುಚಿ ತಿಳಿಯದವಳು ಪಟ್ಟಿ ಬರೆದರೆ ಊಟ ರುಚಿಸೀತೇ?

ನಮ್ಮ ಸಿನಿಮಾಗಳನ್ನೇ ನೋಡಿ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಹೆಚ್ಚು ಶಾಲೆ ಓದಿದವರಲ್ಲ. ಸಂಸಾರ ಮಾಡಿಕೊಂಡಿದ್ದವರು, ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈ ಹಾಕಿದರು. ಅವರ 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಸಿನಿಮಾ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಪುಟ್ಟಣ್ಣನವರಿಗೆ ಬಂತು. ಅಷ್ಟು ದೊಡ್ಡ ಕಥೆಯನ್ನು ಹಿಡಿದು ನಿಲ್ಲಿಸಿದ್ದು ಯಾವುದು ಗೊತ್ತೇ? ಒಂದೇ ಪ್ರಶ್ನೆ: ಈ ಹುಡುಗಿಯ ಕಾಲಿಗೆ ಗೆಜ್ಜೆ ಬೀಳುತ್ತದೆಯೋ, ಅವಳಿಗೊಂದು ಸಂಸಾರ ಸಿಗುತ್ತದೆಯೋ? ಕಲ್ಪನಾ ತೆರೆಯ ಮೇಲೆ ಇರುವಷ್ಟು ಹೊತ್ತೂ ನಮ್ಮ ಎದೆ ಅದನ್ನೇ ಕೇಳುತ್ತಿರುತ್ತದೆ. ಯೋಜನೆ ಎಂದರೆ ದೊಡ್ಡ ನಕ್ಷೆಯೇ ಆಗಬೇಕಿಲ್ಲ. ಇಂಥ ಒಂದು ಪ್ರಶ್ನೆ ಸಿಕ್ಕರೆ ಮುಕ್ಕಾಲು ಪಟ್ಟಿ ಆದಂತೆಯೇ.

ಇನ್ನೊಂದು ನಿಮಗೆ ಹತ್ತಿರದ್ದು. ನಿಮ್ಮ ಪಕ್ಕದ ಮಲೇಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ 'ನಾಗರಹಾವು' ಮಾಡಿದವರೂ ಪುಟ್ಟಣ್ಣನವರೇ. ಮೂರು ಕಾದಂಬರಿ ಒಂದು ಸಿನಿಮಾದಲ್ಲಿ ಹಿಡಿಯಬೇಕಾದರೆ ಎಷ್ಟೋ ಬಿಡಬೇಕು, ಎಷ್ಟೋ ಜೋಡಿಸಬೇಕು. ಪಟ್ಟಿ ಇಲ್ಲದೆ ಆಗುವ ಕೆಲಸವಲ್ಲ. ಚಿತ್ರದುರ್ಗದ ಕಲ್ಲುಗಳ ನಡುವಿನ ಆ ರಾಮಾಚಾರಿಯನ್ನು ಜನ ಮನೆಮಗನ ಹಾಗೆ ಒಪ್ಪಿಕೊಂಡರು. ಆದರೆ ಬರೆದ ತ.ರಾ.ಸು. ಅವರಿಗೇ ಸಿನಿಮಾ ಸಮಾಧಾನ ತರಲಿಲ್ಲ. ಯಾರು ಸರಿ ಎಂಬ ತೀರ್ಪು ನಮಗೆ ಬೇಡ. ಕತ್ತರಿ ಕೈಗೆ ತೆಗೆದುಕೊಳ್ಳುವ ಮೊದಲು 'ಇದನ್ನು ಮಾತ್ರ ಮುಟ್ಟಕೂಡದು' ಎಂದು ಒಂದು ಗುರುತು ಹಾಕಿಕೊಳ್ಳಬೇಕು. ನಮಗೆ ಬೇಕಾದ ಪಾಠ ಇಷ್ಟೇ.

ಹಾಗಾದರೆ ಪಟ್ಟಿ ಇಲ್ಲದೆಯೂ ಸಿನಿಮಾ ಮಾಡಿದವರು ಇಲ್ಲವೇ ಅಂತೀರಾ? ಇದ್ದಾರೆ. ಬಂಗಾಳದ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' 1955ರಲ್ಲಿ ತೆರೆಗೆ ಬಂತು. ಅದಕ್ಕೆ ಪೂರ್ತಿ ಬರೆದ ಚಿತ್ರಕಥೆಯೇ ಇರಲಿಲ್ಲ. ಆದರೆ ರಾಯ್ ಚಿತ್ರಕಾರರು. ಆ ಕಾದಂಬರಿಯ ಮಕ್ಕಳ ಆವೃತ್ತಿಗೆ ಹಿಂದೆಯೇ ಚಿತ್ರ ಬರೆದಿದ್ದವರು. ಸಿನಿಮಾಕ್ಕೆಂದು ಮತ್ತೆ ಒಂದೊಂದೇ ದೃಶ್ಯವನ್ನು ಚಿತ್ರವಾಗಿ ಬರೆದು, ಪಕ್ಕದಲ್ಲಿ ಟಿಪ್ಪಣಿ ಮಾಡಿಕೊಂಡಿದ್ದರು. ದುಡ್ಡಿಲ್ಲದೆ ಚಿತ್ರೀಕರಣ ತಿಂಗಳುಗಟ್ಟಲೆ ನಿಂತು ಮತ್ತೆ ಶುರುವಾದಾಗಲೂ ಕಥೆ ಕೈತಪ್ಪಲಿಲ್ಲ. ಪಟ್ಟಿ ಇರಲಿಲ್ಲ ಅಂತೀವಿ, ಆದರೆ ಅದು ಚಿತ್ರದ ರೂಪದಲ್ಲಿತ್ತು ಅಷ್ಟೇ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬರೋಣ. ಸೂಳೆಕೆರೆಯ ಕಥೆ ನಿಮ್ಮ ಕಡೆ ಮಕ್ಕಳಿಗೂ ಗೊತ್ತು. ಇತರ ಊರಿನ ಓದುಗರಿಗಾಗಿ ಎರಡು ಮಾತು: ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಳು. ಆ ಜಾಗದಲ್ಲಿ ಇದ್ದದ್ದು ಸೂಳೆಯರ ಮನೆಗಳು. ನಮ್ಮ ಹೆಸರು ಕೆರೆಗೆ ಇಡುವುದಾದರೆ ಬಿಟ್ಟುಕೊಡುತ್ತೇವೆ ಎಂದರಂತೆ ಅವರು. ಹೀಗೆಂದು ಜನ ಹೇಳುತ್ತಾರೆ.

ಹುಡುಗನ ಆರ್ಡರಿನಲ್ಲಿ ಅರಮನೆ ಮೊದಲು ಬರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲೋ, ಹನ್ನೊಂದು ಪುಟ ಒಬ್ಬಳೇ ಹೆಂಗಸಿನದು. ನಾಳೆ ಮನೆ ನೀರಿನ ಪಾಲು. ಇವತ್ತು ರಾತ್ರಿ ಏನನ್ನು ಕಟ್ಟಿಕೊಳ್ಳಲಿ, ಏನನ್ನು ಬಿಡಲಿ ಎಂದು ಅವಳು ಒಲೆಯ ಮುಂದೆ ಕೂತಿದ್ದಾಳೆ. ನಿಮ್ಮ ಕೈ ತಾನಾಗಿ ಅಲ್ಲಿಗೇ ಹೋಯಿತು ನೋಡಿ! ಇದನ್ನು ಯಾವ ಸೀನ್ ಆರ್ಡರೂ ಕಲಿಸಿಕೊಡುವುದಿಲ್ಲ. ನಿಮ್ಮ 'ಮುಟ್ಟಕೂಡದ' ಗುರುತು ಅಲ್ಲಿ ಬೀಳಬೇಕು. ಲೆಕ್ಕದಿಂದ ನೋಡಿದರೂ ಅದೇ ಸರಿ. ಅರಮನೆ, ಕುದುರೆ, ಸೈನ್ಯ ಎಲ್ಲ ಹುಡುಗನ ಜೇಬಿಗೆ ಆದೀತೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಒಂದು ಮನೆ, ಒಂದು ರಾತ್ರಿ, ಕೇಳಲು ಬಂದವಳು ಮತ್ತು ಕೊಡುವವಳು. ಇಪ್ಪತ್ತು ನಿಮಿಷಕ್ಕೆ ಇಷ್ಟು ಸಾಕು.

ಮಾಡುವ ಬಗೆ ಹೀಗೆ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಬಿದ್ದಿರುತ್ತವಲ್ಲ, ಅವನ್ನು ಕತ್ತರಿಸಿ ಚೀಟಿ ಮಾಡಿ. ನೋಟ್‌ಬುಕ್ ಓದುತ್ತಾ ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ, ಒಂದೇ ಸಾಲು: ಎಲ್ಲಿ, ಯಾರು, ಏನಾಗುತ್ತದೆ. ಎಲ್ಲವನ್ನೂ ಹಜಾರದಲ್ಲಿ ಹರಡಿ. ಮುಟ್ಟಕೂಡದ ಚೀಟಿಯನ್ನು ಮೊದಲು ಇಟ್ಟು, ಅದಕ್ಕೆ ಮುಂಚೆ ಏನು ಬೇಕು, ಆಮೇಲೆ ಏನು ಬೇಕು ಎಂದು ಉಳಿದವನ್ನು ಜೋಡಿಸಿ. ಪ್ರತಿ ಚೀಟಿಯನ್ನೂ ಕೇಳಿ: ನೀನಿಲ್ಲದಿದ್ದರೆ ಏನಾದರೂ ಕೆಡುತ್ತದೆಯೇ? ಕೆಡದಿದ್ದರೆ ಅದನ್ನು ಪಕ್ಕಕ್ಕಿಡಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ಸಿನಿಮಾದವರ ಅಂದಾಜು. ಇಪ್ಪತ್ತು ಪುಟ ದಾಟಬೇಡಿ. ಇನ್ನೊಂದು, ಅವಳು ದುಃಖಪಟ್ಟಳು ಎಂದು ಬರೆದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು ಎಂದು ಬರೆಯಿರಿ.

ಕೊನೆಗೆ, ಆ ಹೆಸರು ಮರ್ಯಾದಸ್ಥರ ಬಾಯಲ್ಲಿ ಚೆನ್ನಾಗಿರುವುದಿಲ್ಲ, ಶಾಂತಿಸಾಗರ ಅಂತಲೇ ಇಡು ಎಂದು ನಿಮ್ಮ ಅತ್ತೆಯವರು ಹೇಳುತ್ತಾರೆ ಎಂದಿರಿ. ಹಿರಿಯರ ಸಂಕೋಚ ಅರ್ಥವಾಗುತ್ತದೆ. ಅವರೊಡನೆ ಜಗಳ ಬೇಡ, ಕಥೆಯನ್ನೇ ಪೂರ್ತಿ ಓದಿ ಹೇಳಿ. ಮನೆ ಬಿಟ್ಟುಕೊಟ್ಟ ಆ ಹೆಂಗಸರು ಚಿನ್ನ ಕೇಳಲಿಲ್ಲ, ಭೂಮಿ ಕೇಳಲಿಲ್ಲ, ಹೆಸರೊಂದನ್ನು ಕೇಳಿದರು. ಅದನ್ನೂ ನಾವು ಅಳಿಸಿದರೆ ಕೊಟ್ಟ ಮಾತಿಗೆ ತಪ್ಪಿದಂತಾಗುವುದಿಲ್ಲವೇ? ಅತ್ತೆಯವರೂ ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಬಂದವರೇ. ಒಪ್ಪಿಯಾರು.